ನಾನಾವತಿ ಪ್ರಕರಣ: ರುಜುವಾತಿನ ಹೊಣೆ ಎಲ್ಲಿ ಗೋಜಲಾಗುತ್ತದೆ

ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 1959ರ ಏಪ್ರಿಲ್ 27, ಮುಂಬೈ: ನೌಕಾಪಡೆಯ ಅಧಿಕಾರಿ ನಾನಾವತಿ, ಅವರ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾ, ಮೂರು ಗುಂಡು, ಅಹುಜಾ ಸಾವು. ನಾನಾವತಿಯ ಮೇಲೆ ಕೊಲೆ ಆರೋಪ. ಜ್ಯೂರಿ (ತೀರ್ಪು ಹೇಳಲು ಕೂರಿಸಿದ ಒಂಬತ್ತು ಸಾಮಾನ್ಯ ನಾಗರಿಕರು) 8–1ರಲ್ಲಿ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ, ಆಗಿನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 307ರಡಿ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಶಿಕ್ಷೆಯಾಯಿತು, ನಾನಾವತಿ ಸುಪ್ರೀಂ ಕೋರ್ಟಿಗೆ ಹೋದರು.

ತೀರ್ಪಿನಲ್ಲಿ 'ಜ್ಯೂರಿಗೆ ಚಾರ್ಜ್' ಎಂದು ಬರುತ್ತದೆ. ಅದು ದೋಷಾರೋಪಣೆಯಲ್ಲ, ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಜ್ಯೂರಿಗೆ ಕಾನೂನು ಬಿಡಿಸಿ ಹೇಳುತ್ತಿದ್ದ ಮಾತು. ಜ್ಯೂರಿ ಕಾರಣ ಬರೆಯುತ್ತಿರಲಿಲ್ಲವಲ್ಲ, ಅದಕ್ಕೇ ಮೇಲಿನ ಕೋರ್ಟು ಈ ಮಾತನ್ನೇ ಅಕ್ಷರ ಅಕ್ಷರ ಜಾಲಾಡುತ್ತಿತ್ತು. ಹೇಳಬೇಕಾದ್ದನ್ನು ಬಿಟ್ಟರೂ ಅದು ತಪ್ಪು ನಿರ್ದೇಶನ ಆಗಬಹುದಿತ್ತು.

ನಾನು ಸಿಕ್ಕಿಬಿದ್ದದ್ದು ಮುಂದಿನ ಹೆಜ್ಜೆಯಲ್ಲಿ. ಕೊಲೆಯನ್ನು ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್‌ದು, ಕೊನೆಯವರೆಗೂ. ಆದರೆ ಆಗಿನ ಸಾಕ್ಷ್ಯ ಅಧಿನಿಯಮದ ಕಲಂ 105 ಹೇಳುತ್ತಿತ್ತು: ವಿನಾಯಿತಿ (ಆಕಸ್ಮಿಕ, ಪ್ರಚೋದನೆಯಂಥ ಕಾರಣಕ್ಕೆ ಕಾನೂನು ಕೊಡುವ ರಕ್ಷಣೆ) ಬೇಕೆಂದರೆ ಆರೋಪಿಯೇ ತೋರಿಸಬೇಕು, ಅಲ್ಲಿಯವರೆಗೆ ಅಂಥ ಸಂದರ್ಭ ಇರಲಿಲ್ಲ ಎಂದೇ ಕೋರ್ಟು ಭಾವಿಸಬೇಕು. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ?

'ಕಿತ್ತಾಟದಲ್ಲಿ ಗುಂಡು ತಾನಾಗಿ ಹಾರಿತು' ಎಂಬ ನಾನಾವತಿಯ ವಾದ ತೆಗೆದುಕೊಳ್ಳಿ. ಇದು ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂ 80, ಆಕಸ್ಮಿಕದ ವಿನಾಯಿತಿ. ಆಕಸ್ಮಿಕ ಎಂದು ತೋರಿಸಲು ಆರೋಪಿ ಸೋತ ಎಂದಿಟ್ಟುಕೊಳ್ಳಿ. ಶಿಕ್ಷೆಯೇ ಅಂದುಕೊಂಡಿದ್ದೆ, ಅದು ತಪ್ಪು. ಸೋತ ಅದೇ ಸಾಕ್ಷ್ಯ 'ಉದ್ದೇಶ ಇತ್ತೇ?' ಎಂಬಲ್ಲಿ ಸಮಂಜಸ ಸಂಶಯ ಹುಟ್ಟಿಸಬಹುದು. ಉದ್ದೇಶ ಕೊಲೆಯ ಒಂದು ಅಂಗ. ಅದನ್ನು ಸಾಬೀತು ಮಾಡಬೇಕಾದ್ದು ಪ್ರಾಸಿಕ್ಯೂಷನ್. ಸಂಶಯ ಉಳಿದರೆ ಕೊಲೆ ಆರೋಪ ಬಿದ್ದುಹೋಗುತ್ತದೆ. ಹಠಾತ್ ಪ್ರಚೋದನೆಯ ವಾದಕ್ಕೆ (ಕೆರಳಿಸಿದ್ದರಿಂದ ಹತೋಟಿ ತಪ್ಪಿ ಕೊಂದೆ ಎಂಬುದಕ್ಕೆ) ಈ ದಾರಿ ಇಲ್ಲ, ಏಕೆಂದರೆ ಅದು ಉದ್ದೇಶವನ್ನು ಅಲ್ಲಗಳೆಯುವುದಿಲ್ಲ. ಈಗ ಯಾವ ಸಮಸ್ಯೆ ಬಂದರೂ ಮೊದಲು ಕೇಳಿಕೊಳ್ಳುತ್ತೇನೆ: ಈ ವಾದ ಅಪರಾಧದ ಅಂಗವನ್ನೇ ಅಲ್ಲಾಡಿಸುತ್ತದೆಯೇ, ಇಲ್ಲ ಅದರ ಹೊರಗೆ ನಿಂತು ರಕ್ಷಣೆ ಕೇಳುತ್ತದೆಯೇ?

ಸೆಷನ್ಸ್ ನ್ಯಾಯಾಧೀಶರು ಕಲಂ 105ರ ಈ ಹೊಣೆಯನ್ನು ಜ್ಯೂರಿಗೆ ಹೇಳಲೇ ಇಲ್ಲ. ಅದನ್ನು ಸುಪ್ರೀಂ ಕೋರ್ಟು ಗಂಭೀರ ತಪ್ಪು ಎಂದಿತು. ನನಗೂ ಅದು ಸರಿ ಎನ್ನಿಸುತ್ತದೆ: ಭಾರ ಯಾರ ಮೇಲೆಂದು ತಿಳಿಯದ ಒಂಬತ್ತು ಜನ ಏನನ್ನು ತೂಗಬೇಕು?

ಈ ಪ್ರಕರಣದಲ್ಲಿ ಉದ್ದೇಶದ ಬಗ್ಗೆ ಸಂಶಯವೂ ಉಳಿಯಲಿಲ್ಲ. ಸ್ನಾನ ಮುಗಿಸಿದ್ದ ಅಹುಜಾರ ಸೊಂಟದ ಟವೆಲ್ ಕಳಚಿರಲೇ ಇಲ್ಲ. ಕಿತ್ತಾಟ ನಡೆದಿದ್ದರೆ ಅದು ಹಾಗೆ ನಿಲ್ಲುತ್ತಿತ್ತೇ? ನಾನಾವತಿ ಮನೆ ಬಿಟ್ಟಾಗಿನಿಂದ ಗುಂಡು ಹಾರುವವರೆಗೆ ಸುಮಾರು ಮೂರು ಗಂಟೆ ಕಳೆದಿದ್ದರಿಂದ ಹಠಾತ್ ಪ್ರಚೋದನೆಯೂ ನಿಲ್ಲಲಿಲ್ಲ. 1961ರ ನವೆಂಬರ್ 24ರಂದು ಜೀವಾವಧಿ ಶಿಕ್ಷೆ ಖಾಯಂ ಆಯಿತು.

ಕಲಂ 105 ಈಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 108.