ವಿಜಯವಾಡ: ಕಾಲುವೆಗಳ ಜಂಕ್ಷನ್

ಕಾಲುವೆ ಅಂದರೆ ನಮಗೆ ಗದ್ದೆಗೆ ನೀರು, ಅಷ್ಟೇ ಅಲ್ವಾ? ಕೃಷ್ಣೆ ಸಮುದ್ರ ಸೇರುವ ಕಡೆ ಅದೇ ಕಾಲುವೆ ರಸ್ತೆಯೂ ಆಗಿತ್ತು. ಆ ನೀರಿನ ರಸ್ತೆಗಳೆಲ್ಲ ಬಂದು ಸೇರುತ್ತಿದ್ದ ಊರು ವಿಜಯವಾಡ, ಹಳೇ ಹೆಸರು ಬೆಜವಾಡ. ಜಂಕ್ಷನ್ ಇಲ್ಲೇ ಯಾಕೆ ಆಯ್ತು ಅನ್ನೋದು ಹೊಳೆದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನಕ್ಷೆ ತೆಗೆದುಕೊಳ್ಳಿ. ಎಡದಂಡೆಯಲ್ಲಿ ಕನಕದುರ್ಗೆಯ ಇಂದ್ರಕೀಲಾದ್ರಿ ಬೆಟ್ಟ, ಎದುರು ದಡದಲ್ಲಿ ಸೀತಾನಗರದ ಗುಡ್ಡ. ನಡುವೆ ನದಿ ಸುಮಾರು 1.1 ಕಿ.ಮೀ.ಗೆ ಇಕ್ಕಟ್ಟಾಗುತ್ತದೆ. ಅಲ್ಲಿಂದ ಕೆಳಗೆ ಚಪ್ಪಟೆ ಡೆಲ್ಟಾ. ಡೆಲ್ಟಾದಲ್ಲಿ ನೆಲದ ಇಳಿಜಾರು ನಾವು ಅಂದುಕೊಂಡದ್ದಕ್ಕೆ ಉಲ್ಟಾ. ಪ್ರತಿ ಪ್ರವಾಹದಲ್ಲೂ ನದಿ ದಡದ ಹತ್ತಿರವೇ ಜಾಸ್ತಿ ಮಣ್ಣು ಬಿಡುತ್ತದೆ. ಹಾಗಾಗಿ ದಡವೇ ಎತ್ತರ, ದೂರ ಹೋದಷ್ಟೂ ನೆಲ ತಗ್ಗು. ಇಕ್ಕಟ್ಟಿನ ಜಾಗದಲ್ಲಿ ನೀರನ್ನು ಸ್ವಲ್ಪ ಎತ್ತಿ ನಿಲ್ಲಿಸಿದರೆ ಸಾಕು, ಎರಡೂ ಕಡೆಯ ಕಾಲುವೆಗೆ ತಾನಾಗಿ ಹರಿಯುತ್ತದೆ.

ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಗೋದಾವರಿಗೆ ದವಳೇಶ್ವರಂನಲ್ಲಿ ಮಾಡಿದ್ದು ಇದನ್ನೇ. ಕೃಷ್ಣೆಯ ಅಣೆಕಟ್ಟು ಎದ್ದದ್ದು 1852ರಿಂದ 1855ರ ನಡುವೆ, ಕ್ಯಾಪ್ಟನ್ ಚಾರ್ಲ್ಸ್ ಓರ್ ಉಸ್ತುವಾರಿಯಲ್ಲಿ. ಅದು 1952ರಲ್ಲಿ ಒಡೆಯಿತು. ಈಗ ಕಾಣುವ ಪ್ರಕಾಶಂ ಬ್ಯಾರೇಜ್ 1957ರದ್ದು. ಉತ್ತರ ಬರೆಯುವಾಗ ಇವೆರಡನ್ನೂ ಒಂದೇ ಮಾಡಬೇಡಿ.

ಈಗ ದೋಣಿಯ ದಾರಿ. ಕಾಕಿನಾಡದಿಂದ ಹೊರಟ ದೋಣಿ ದವಳೇಶ್ವರಂ ಬಳಿ ಗೋದಾವರಿ ದಾಟಿ, ಏಲೂರು ಕಾಲುವೆ ಹಿಡಿದು 139 ಕಿ.ಮೀ. ಬಂದು ವಿಜಯವಾಡ ಮುಟ್ಟುತ್ತಿತ್ತು. ಮುಂದಿನ ದಾರಿ ಇರುವುದು ಆಚೆ ದಡದಲ್ಲಿ. ಹರಿಯುವ ಕೃಷ್ಣೆಯನ್ನು ಸರಕಿನ ದೋಣಿ ದಾಟುವುದು ಹೇಗೆ? ಅಣೆಕಟ್ಟಿನ ಹಿಂದೆ ನೀರು ಕೆರೆಯ ಹಾಗೆ ನಿಂತಿರುತ್ತದಲ್ಲ, ಅದರ ಮೇಲೆ! ನನಗೆ ಇಡೀ ಪಾಠದಲ್ಲಿ ತುಂಬಾ ಹಿಡಿಸಿದ್ದು ಇದೇ. ನೀರು ಎತ್ತಲು ಕಟ್ಟಿದ ಗೋಡೆ ದೋಣಿಗೆ ಸೇತುವೆಯ ಕೆಲಸವನ್ನೂ ಮಾಡಿತು. ಆಚೆ ಕೊಮ್ಮಮೂರು ಕಾಲುವೆ, 113 ಕಿ.ಮೀ. ಪೆದ್ದಗಂಜಾಂನಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ, ಅಲ್ಲಿಂದ ಚೆನ್ನೈ. ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ಜೋರಾದದ್ದು 1876–78ರ ಬರದಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. ನಮ್ಮ ಮೈಸೂರು, ಬಳ್ಳಾರಿ ಸೀಮೆಯನ್ನು ಖಾಲಿ ಮಾಡಿದ ಧಾತು–ಈಶ್ವರ ಬರವೂ ಅದೇ.

ಕಾಲುವೆಯ ನೀರಿನ ಮಟ್ಟ ಮೆಟ್ಟಿಲಿನಂತೆ ಇಳಿಯುತ್ತದೆ. ಮೆಟ್ಟಿಲು ಇರುವ ಕಡೆ ಲಾಕ್ ಬೇಕು. ಅದು ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ. ಇಳಿಯುವ ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮುಂದಿನ ಬಾಗಿಲಿನ ಸಣ್ಣ ಕಿಂಡಿಯಿಂದ ನೀರು ಹೊರಗೆ ಬಿಡುತ್ತಾರೆ. ತೊಟ್ಟಿಯ ನೀರಿನ ಜೊತೆ ದೋಣಿಯೂ ಮೆಲ್ಲಗೆ ಇಳಿಯುತ್ತದೆ, ಗೋಡೆಯ ಒದ್ದೆ ಕಲ್ಲು ಒಂದೊಂದೇ ಸಾಲು ಮೇಲೇಳುತ್ತದೆ. ಹೊರಗಿನ ಮಟ್ಟಕ್ಕೆ ಸಮವಾದಾಗ ಬಾಗಿಲು ತೆರೆಯುತ್ತದೆ. ಮೋಟಾರ್ ಬೇಡ, ಪಂಪ್ ಬೇಡ. ತೆಲುಗಿನಲ್ಲಿ ಇದಕ್ಕೆ 'ಲಾಕುಲು' ಅನ್ನುತ್ತಾರೆ. ದುಗ್ಗಿರಾಲದ ಲಾಕುಲು ಆ ಕಡೆ ಎಲ್ಲರಿಗೂ ಗೊತ್ತು.

ಆಮೇಲೆ ರೈಲು ಬಂತು. 1893ರಲ್ಲಿ ಕೃಷ್ಣೆಗೆ ರೈಲ್ವೆ ಸೇತುವೆಯಾಯಿತು. ಬೇಸಿಗೆಯಲ್ಲಿ ನೀರು ಬರುವುದು ನಿಂತುಹೋಗುವ ಕಾಲುವೆಗೆ ವರ್ಷವಿಡೀ ಓಡುವ ರೈಲಿನ ಎದುರು ನಿಲ್ಲಲಾಗಲಿಲ್ಲ. ಜಂಕ್ಷನ್ ಮಾತ್ರ ಇದೇ ಊರಲ್ಲಿ ಉಳಿಯಿತು. ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಇವತ್ತಿಗೂ ಅಲ್ಲಿಗೆ ಹೋಗಬಹುದು.

2008ರಲ್ಲಿ ಈ ಹಳೇ ದಾರಿಯನ್ನೇ ರಾಷ್ಟ್ರೀಯ ಜಲಮಾರ್ಗ 4 ಎಂದು ಘೋಷಿಸಿದರು. 2016ರ ಕಾಯ್ದೆ ಅದನ್ನು ಕೃಷ್ಣೆಯ ಮೇಲೆ ನಮ್ಮ ಬಾಗಲಕೋಟೆ ಜಿಲ್ಲೆಯ ಗಲಗಲಿಯವರೆಗೆ ಎಳೆಯಿತು. ಈ ಅಂಶವನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲೇ ನಡುವಿನ ಗೋಡೆಗಳನ್ನೂ ಬರೆಯಿರಿ: ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ, ನಾರಾಯಣಪುರ, ಆಲಮಟ್ಟಿ. ನಾಗಾರ್ಜುನಸಾಗರದಲ್ಲೂ ಶ್ರೀಶೈಲದಲ್ಲೂ ದೋಣಿ ಹತ್ತಿಸುವ ಲಾಕ್ ಇಲ್ಲ.