ಆಯಿಲ್ ಕ್ಯಾಪ್ ತಿರುಗಿಸುವ ಮೊದಲು

ಪೀಣ್ಯದ ಸಣ್ಣ ವರ್ಕ್‌ಶಾಪ್ ಇರಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರಲಿ, ಗಾಳಿಯನ್ನು ಒತ್ತಿ ಲೈನಿಗೆ ಕಳಿಸುವ ಸ್ಕ್ರೂ ಕಂಪ್ರೆಸರ್‌ನ ಆಯಿಲ್ ಬದಲಿಸುವುದನ್ನು ಯಾರೂ ದೊಡ್ಡ ಕೆಲಸ ಅಂದುಕೊಳ್ಳುವುದಿಲ್ಲ. ಹೊಸದಾಗಿ ಸೇರಿದ ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟು ಕಳಿಸಿಬಿಡುತ್ತಾರೆ. ನನಗೆ ಭಯ ಆಗುವುದು ಅಲ್ಲೇ. ಈ ಕೆಲಸದಲ್ಲಿ ಅಪಾಯ ಇರುವುದು ಆಯಿಲ್‌ಗಿಂತ ಜಾಸ್ತಿ, ಒಳಗೆ ಉಳಿದುಕೊಂಡ ಗಾಳಿಯಲ್ಲಿ.

ಒಂದು ಸಣ್ಣ ಲೆಕ್ಕ ನೋಡಿ. ಗಾಳಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್ ಟ್ಯಾಂಕಿನ ಮುಚ್ಚಳ 30 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. 7 ಬಾರ್ ಪ್ರೆಶರ್ ಇದ್ದಾಗ ಗಾಳಿ ಅದನ್ನು ಸುಮಾರು 5 ಟನ್ ಬಲದಲ್ಲಿ ಮೇಲಕ್ಕೆ ತಳ್ಳುತ್ತಿರುತ್ತದೆ. ಸರಿ, ಅಷ್ಟಿದ್ದಾಗ ಯಾರೂ ಬೋಲ್ಟ್ ಬಿಚ್ಚುವುದಿಲ್ಲ. ಆದರೆ ಅರ್ಧ ಬಾರ್ ಉಳಿದಿದ್ದರೂ ಆ ಮುಚ್ಚಳದ ಮೇಲೆ ಸುಮಾರು 350 ಕೆಜಿ ಬಲ ಇರುತ್ತದೆ. ಹದಿನಾರು ಬಾರ್‌ವರೆಗೆ ಗೆರೆ ಇರುವ ಗೇಜಿನಲ್ಲಿ ಅರ್ಧ ಬಾರ್ ಅಂದರೆ ಮುಳ್ಳು ಸೊನ್ನೆಯ ಪಕ್ಕದಲ್ಲೇ ನಿಂತಂತೆ ಕಾಣುತ್ತದೆ. ಹಳೇ ಗೇಜ್ ಆದರೆ ಮುಳ್ಳು ಅಂಟಿಕೊಂಡಿರಲೂಬಹುದು.

ಇನ್ನೊಂದು ವಿಷಯವನ್ನು ಅನುಭವ ಇರುವವರೂ ಮರೆಯುತ್ತಾರೆ. ಗಾಳಿ ತುಂಬಿಡುವ ಹೊರಗಿನ ರಿಸೀವರ್ ಟ್ಯಾಂಕಿನ ಗೇಜ್ ಸೊನ್ನೆ ತೋರಿಸಿದರೆ ಮಷಿನ್ ಒಳಗೂ ಸೊನ್ನೆ ಅಂತ ಅರ್ಥ ಅಲ್ಲ. ನಡುವೆ ಮಿನಿಮಮ್ ಪ್ರೆಶರ್ ವಾಲ್ವ್ ಇರುತ್ತದೆ. ಸಾಮಾನ್ಯವಾಗಿ 4 ಬಾರ್ ಹತ್ತಿರ ಬರುವವರೆಗೆ ಅದು ಗಾಳಿಯನ್ನು ಹೊರಗೆ ಬಿಡುವುದೇ ಇಲ್ಲ. ಹಾಗಾಗಿ ಲೈನ್ ಖಾಲಿ ಮಾಡಿದ ಮಾತ್ರಕ್ಕೆ ಸೆಪರೇಟರ್ ಟ್ಯಾಂಕ್ ಖಾಲಿ ಆಗದು. ಎರಡು ಕಂಪ್ರೆಸರ್ ಒಂದೇ ಲೈನಿಗೆ ಸೇರಿದ್ದರೆ ತೊಂದರೆ ಉಲ್ಟಾ ದಿಕ್ಕಿನಿಂದ ಬರುತ್ತದೆ. ಈ ಮಷಿನ್ ನಿಂತಿದ್ದರೂ ಪಕ್ಕದ್ದರ ಗಾಳಿ ವಾಲ್ವ್ ಲೀಕ್ ಆಗಿ ಒಳಗೆ ನುಗ್ಗಬಹುದು.

ಅದಕ್ಕೇ ಕ್ರಮ ತಪ್ಪಬಾರದು. ಮೊದಲು ಮಷಿನ್ ಅನ್‌ಲೋಡ್ ಮಾಡಿ, ಅಂದರೆ ಗಾಳಿ ಒತ್ತುವುದನ್ನು ಬಿಡಿಸಿ, ಆಮೇಲೆ ನಿಲ್ಲಿಸಿ. ಸ್ಟಾಪ್ ಬಟನ್ ಒತ್ತಿದರೆ ಸಾಲದು, ಕರೆಂಟ್ ಪೂರ್ತಿ ಕಡಿಯುವ ಮೇನ್ ಐಸೋಲೇಟರ್ ಸ್ವಿಚ್ ಇಳಿಸಿ ಬೀಗ ಹಾಕಿ, ಕೀ ಕೆಲಸ ಮಾಡುವವನ ಜೇಬಿನಲ್ಲೇ ಇರಲಿ. ಆಟೋ ರೀಸ್ಟಾರ್ಟ್ ಇರುವ ಮಷಿನ್ ಕರೆಂಟ್ ಬಂದ ತಕ್ಷಣ ತಾನೇ ಶುರುವಾಗುತ್ತದೆ, ಒಳಗೆ ಕೈ ಇದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಔಟ್‌ಲೆಟ್ ವಾಲ್ವ್ ಮುಚ್ಚಿ, ಸೆಪರೇಟರ್ ಟ್ಯಾಂಕಿನ ಗಾಳಿಯನ್ನು ಕೈಯಾರೆ ಬಿಡಿ. ಶಬ್ದ ಪೂರ್ತಿ ನಿಲ್ಲುವವರೆಗೆ ಕಾಯಿರಿ.

ಈಗ ಆಯಿಲ್ ಕ್ಯಾಪ್. ಬಹಳಷ್ಟು ಮಾಡೆಲ್‌ಗಳಲ್ಲಿ ಕ್ಯಾಪಿನ ಬದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಂದು ಸುತ್ತು ತಿರುಗಿಸಿ, ಕಿವಿಗೊಡಿ. 'ಸ್ಸ್' ಅಂತ ಸದ್ದು ಬಂದರೆ ಅಥವಾ ತೂತಿನಿಂದ ನೊರೆ ಇಣುಕಿದರೆ ಕ್ಯಾಪ್ ವಾಪಸ್ ಬಿಗಿ ಮಾಡಿ ಕಾಯಿರಿ. ಸುಮ್ನೆ ಪೂರ್ತಿ ಬಿಚ್ಚಿದರೆ 80 ಡಿಗ್ರಿಯ ಆಯಿಲ್ ನೊರೆ ಮುಖಕ್ಕೇ ಬಡಿಯುತ್ತದೆ. ಮುಖ ಪಕ್ಕಕ್ಕೆ ಇಟ್ಟುಕೊಂಡು, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಈ ಕೆಲಸ ಮಾಡಿ.

ಆಯಿಲ್ ಬೆಚ್ಚಗಿದ್ದಾಗ ಇಳಿಸಬೇಕು. ತಣ್ಣಗಾದರೆ ಕೊಳೆ ಒಳಗೇ ಕೂತುಬಿಡುತ್ತದೆ. ಟ್ಯಾಂಕ್ ಮಾತ್ರ ಅಲ್ಲ, ಕೂಲರ್‌ನಲ್ಲೂ ಪೈಪ್‌ಗಳಲ್ಲೂ ಉಳಿದಿದ್ದನ್ನು ತೆಗೆಯಿರಿ. ಹಳೇ ಆಯಿಲ್ ಸ್ವಲ್ಪ ಉಳಿದರೂ ಹೊಸದರ ಆಯಸ್ಸು ಕಡಿಮೆ ಆಗುತ್ತದೆ. ಮಳೆಗಾಲದಲ್ಲಿ ಕಡಿಮೆ ಲೋಡಿನಲ್ಲಿ ಓಡಿದ ಮಷಿನ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರುವುದುಂಟು. ಅದು ನೀರು. ಸಾಕಷ್ಟು ಬಿಸಿಯಾಗದ ಮಷಿನ್‌ನಲ್ಲಿ ಆವಿ ಹೊರಗೆ ಹೋಗದೆ ಆಯಿಲ್‌ನಲ್ಲೇ ನಿಲ್ಲುತ್ತದೆ. ಅಂಥ ಮಷಿನ್‌ಗೆ, ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಶುರು ಮಾಡುವ ಮೊದಲು ಪ್ರೆಶರ್ ಇಲ್ಲ ಅಂತ ಖಚಿತ ಮಾಡಿಕೊಂಡು, ಡ್ರೈನ್ ಕಾಕ್ ನಿಧಾನ ತೆರೆದು ತಳದ ನೀರು ಬಿಡುವ ಅಭ್ಯಾಸ ಇರಲಿ.

ಹೊಸ ಆಯಿಲ್ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಗಾಡಿಗೆ ಹಾಕುವ ಎಂಜಿನ್ ಆಯಿಲ್ ಇದಕ್ಕೆ ಬೇಡವೇ ಬೇಡ. ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ಬೇರೆಯಾಗಲು ಬಿಡುವುದಿಲ್ಲ. ಸ್ಕ್ರೂ ಮಷಿನ್‌ಗೆ ಸಾಮಾನ್ಯವಾಗಿ ವಿಜಿ 46 (ಆಯಿಲ್ ಎಷ್ಟು ಮಂದ ಅಂತ ಹೇಳುವ ಗ್ರೇಡ್), ಪಿಸ್ಟನ್ ಮಷಿನ್‌ಗೆ ವಿಜಿ 100 ಅಥವಾ 150. ಆದರೂ ಕೊನೆಯ ಮಾತು ನಿಮ್ಮ ಮಷಿನ್ ಮ್ಯಾನ್ಯುಯಲ್‌ನದ್ದೇ. ಮಿನರಲ್ ಆಯಿಲ್ ಸುಮಾರು 2,000 ಗಂಟೆ, ಒಳ್ಳೇ ಸಿಂಥೆಟಿಕ್ 8,000 ಗಂಟೆವರೆಗೆ ಬರುತ್ತದೆ. ಗ್ಲೈಕಾಲ್ ಜಾತಿಯ ಸಿಂಥೆಟಿಕ್‌ಗೆ ಮಿನರಲ್ ಬೆರೆಸಿದರೆ ಅಂಟು ಅಂಟಾಗಿ ಫಿಲ್ಟರ್ ಕಟ್ಟಿಕೊಳ್ಳಬಹುದು.

ಈ ಗಂಟೆಗಳ ಲೆಕ್ಕವೂ ತಂಪಾದ ಜಾಗಕ್ಕೆ ಮಾತ್ರ. ಬಿಸಿ ಪ್ರತಿ 10 ಡಿಗ್ರಿ ಜಾಸ್ತಿ ಆದಂತೆ ಆಯಿಲ್ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶೀಟ್ ಛಾವಣಿಯ ಕೋಣೆಯಲ್ಲಿ ಮಷಿನ್ ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿದ್ದರೆ ಎಷ್ಟು ದುಬಾರಿ ಆಯಿಲ್ ಹಾಕಿ ಏನು ಪ್ರಯೋಜನ, ಅಲ್ವಾ?

ಹೊಸ ಆಯಿಲ್ ತುಂಬಿ ಮಷಿನ್ ಕೆಲವು ನಿಮಿಷ ಓಡಿಸಿದ ಮೇಲೆ ಲೆವೆಲ್ ಇಳಿಯುತ್ತದೆ. ಕೂಲರ್, ಫಿಲ್ಟರ್ ತುಂಬಿಕೊಳ್ಳುವುದರಿಂದ ಅದು ಸಹಜ. ಮತ್ತೆ ನಿಲ್ಲಿಸಿ ಟಾಪ್‌ಅಪ್ ಮಾಡಬೇಕು. ನಾನು ಹತ್ತಿರ ನಿಂತು ನೋಡುವುದು ಈ ಎರಡನೇ ಸಲವನ್ನು. ಕೆಲಸ ಮುಗಿಯಿತು ಅನ್ನುವ ಅವಸರ, ಊಟದ ಹೊತ್ತು, ಪ್ರೊಡಕ್ಷನ್‌ನವರ ಫೋನ್. ಬೀಗವೂ ಇಲ್ಲ, ಗಾಳಿ ಬಿಟ್ಟಿದ್ದೂ ಇಲ್ಲ, ಕೈ ಸೀದಾ ಕ್ಯಾಪ್‌ಗೆ ಹೋಗುತ್ತದೆ. ಈಗ ಮಷಿನ್ ಒಳಗೆ ಪ್ರೆಶರ್ ಇದೆ, ಆಯಿಲ್ ಬಿಸಿಯಾಗಿದೆ. ಮೊದಲ ಸಲ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಮತ್ತೆ ಮಾಡಿಸಿ.

ಇಳಿಸಿದ ಹಳೇ ಆಯಿಲ್ ಮೋರಿಗೆ ಹೋಗಬಾರದು. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಇರುವ ಡ್ರಮ್‌ನಲ್ಲಿ ಹಾಕಿ, ಮೇಲೆ ಹೆಸರು, ತಾರೀಖು ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ರೀಸೈಕಲ್ ಮಾಡುವವರಿಗೇ ಕೊಡಿ. ರಸೀದಿ ಫೈಲ್‌ನಲ್ಲಿರಲಿ.