ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಕೊನೆ ಮನೆಗೆ ತಲುಪಿತೇ?

50 ಸಾವಿರ ಲೀಟರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಎಂದರೆ, ಹಲವು ಊರುಗಳಲ್ಲಿ ಅಳತೆ ಒಂದೇ: ಒಂದೆರಡು ಬೊಗಸೆ. ಲೆಕ್ಕವೇನೂ ಕಷ್ಟದ್ದಲ್ಲ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಬೇಕಾದರೆ ಇಡೀ ಟ್ಯಾಂಕಿಗೆ 50 ಗ್ರಾಂ. ಪೌಡರಿನಲ್ಲಿ ಕ್ಲೋರಿನ್ ಕಾಲುಭಾಗ ಎಂದು ಹಿಡಿದರೆ 200 ಗ್ರಾಂ ಪೌಡರ್ ಸಾಕು. ಹೊಸ ಚೀಲದಲ್ಲಿ ಶೇ 33ರಷ್ಟು ಕ್ಲೋರಿನ್ ಇರುವುದೂ ಉಂಟು. ಆದರೆ ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿರುವ ಚೀಲ ತೇವ, ಗಾಳಿ, ಬಿಸಿಲಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಬರೀ ಸುಣ್ಣವಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಮೇಲೆ ತಾರೀಖು ಬರೆದಿಟ್ಟರೆ ಅಷ್ಟು ಬೇಗ ಕೆಡದು. ತಗಡಿನ ಡಬ್ಬಿ ಬೇಡ, ತುಕ್ಕು ಹಿಡಿಯುತ್ತದೆ.

ಹಾಕುವ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತದೆ. ಒಣ ಪೌಡರನ್ನು ಟ್ಯಾಂಕಿನ ಮೇಲಿಂದ ಎಸೆದರೆ ಅದು ನೀರಿಗೆ ಸರಿಯಾಗಿ ಬೆರೆಯುವುದಿಲ್ಲ, ಸುಣ್ಣವೆಲ್ಲ ತಳ ಸೇರುತ್ತದೆ. ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ 100 ಗ್ರಾಂ ಮೀರದಂತೆ ಪೌಡರ್ ಹಾಕಿ, ಸ್ವಲ್ಪ ನೀರಿನಲ್ಲಿ ಮೊದಲು ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಬಗ್ಗಿಸಿ, ಗಷ್ಟನ್ನು ಹೊರಗೆ ಚೆಲ್ಲಬೇಕು. ಟ್ಯಾಂಕಿಗೆ ನೀರು ಏರುತ್ತಿರುವಾಗಲೇ ಹಾಕಿದರೆ ತಾನಾಗಿ ಬೆರೆಯುತ್ತದೆ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಆಸಿಡ್ ಮುಟ್ಟಿದ ಬಕೆಟ್ ಮಾತ್ರ ಸುತರಾಂ ಬೇಡ, ವಿಷಗಾಳಿ ಏಳುತ್ತದೆ.

ಆಮೇಲೆ ಕಾಯಬೇಕು. ಕ್ಲೋರಿನ್ನಿಗೆ ರೋಗಾಣು ಕೊಲ್ಲಲು ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಕರೆಂಟು ಬಂದ ತಕ್ಷಣ ಮೋಟಾರ್ ಹಾಕಿ, ಟ್ಯಾಂಕು ತುಂಬುತ್ತಿರುವಾಗಲೇ ಕೆಳಗೆ ವಾಲ್ವ್ ತಿರುಗಿಸುವ ಊರಿನಲ್ಲಿ ಈ ಅರ್ಧ ಗಂಟೆ ಸಿಗುವುದೇ ಇಲ್ಲ. ಮೊದಲ ಬೀದಿಗೆ ಘಾಟು ನೀರು, ಕೊನೆ ಬೀದಿಗೆ ಸಪ್ಪೆ ನೀರು. ಮೊದಲ ಬೀದಿಯವರು ಜಗಳಕ್ಕೆ ಬರುತ್ತಾರೆ, ಪಾಪ, ನೀರುಗಂಟಿ ಮರುದಿನದಿಂದ ಪೌಡರನ್ನೇ ಕಡಿಮೆ ಮಾಡುತ್ತಾನೆ. ಬೋರ್‌ವೆಲ್ಲಿನಿಂದ ಟ್ಯಾಂಕಿಗೆ ಏರಿಸದೆ ನೇರ ಪೈಪಿಗೇ ನೀರು ಬಿಡುವ ಕಡೆ ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಹಾಕಿದರೂ ವ್ಯರ್ಥ. ಅಲ್ಲಿ ಪೈಪಿಗೇ ಕ್ಲೋರಿನ್ ಬೆರೆಸುವ ಡೋಸರ್ ಕೂರಿಸಬೇಕು.

ಹಾಕಿದ್ದು ಸಾಲುತ್ತದೆಯೇ ಎಂದು ಹೇಳುವುದು ಪೌಡರಿನ ತೂಕವಲ್ಲ, ಎರಡು ಜಾಗದ ಪರೀಕ್ಷೆ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲೊಮ್ಮೆ, ಪೈಪಿನ ಕಟ್ಟಕಡೆಯ ಮನೆಯಲ್ಲೊಮ್ಮೆ. ಕ್ಲೋರಿನ್ ಪರೀಕ್ಷಿಸುವ ಕಿಟ್‌ನ ಹನಿ ಬಿಟ್ಟಾಗ ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಇದೆ, ಬಣ್ಣವೇ ಬಾರದಿದ್ದರೆ ಇಲ್ಲ. ಹನಿಯ ಬದಲು ಡಿಪಿಡಿ ಎಂಬ ಮಾತ್ರೆಯ ಕಿಟ್ಟಾದರೆ ಗುಲಾಬಿ ಬಣ್ಣ. ಹಳದಿ ಕಿಟ್ಟಿನಲ್ಲಿ ಬಣ್ಣವನ್ನು ಹತ್ತು ಸೆಕೆಂಡಿನೊಳಗೆ ಓದಿ. ತಡವಾದರೆ ಬೇರೆ ವಸ್ತುವಿಗೆ ಅಂಟಿ ಶಕ್ತಿ ಕುಂದಿದ ಕ್ಲೋರಿನ್ ಕೂಡ ಬಣ್ಣ ಕೊಟ್ಟು ಮೋಸ ಮಾಡುತ್ತದೆ. ಆ ನೀರನ್ನು ಚೆಲ್ಲಿ ಕೈ ತೊಳೆದುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಉಳಿಕೆ ಕ್ಲೋರಿನ್ನಿನ ಕನಿಷ್ಠ ಪ್ರಮಾಣ ಲೀಟರಿಗೆ 0.2 ಮಿಲಿಗ್ರಾಂ. ಟ್ಯಾಂಕಿನ ಬಳಿ 0.5 ಸಿಕ್ಕರೆ ಕೊನೆಯಲ್ಲಿ 0.2 ಉಳಿಯುವ ಭರವಸೆ ಇರುತ್ತದೆ.

ಟ್ಯಾಂಕಿನ ಬಳಿಯೇ ಬಣ್ಣ ಬಾರದಿದ್ದರೆ ಪೌಡರ್ ಹಳತು, ಇಲ್ಲವೇ ನೀರಿನಲ್ಲಿ ಕಬ್ಬಿಣವೋ ಕೆಸರೋ ಇದ್ದು ಕ್ಲೋರಿನ್ ನುಂಗುತ್ತಿದೆ. ಕಬ್ಬಿಣವಿದ್ದರೆ ಬ್ಲೀಚಿಂಗ್ ಹಾಕಿದ ಮೇಲೆ ನೀರು ಕೆಂಪಗಾಗುತ್ತದೆ. ಆದರೆ ಟ್ಯಾಂಕಿನ ಬಳಿ ಚೆನ್ನಾಗಿದ್ದು ಕೊನೆ ಮನೆಯಲ್ಲಿ ಸೊನ್ನೆ ಬಂದರೆ? ಇಲ್ಲೇ ಎಲ್ಲರೂ ತಪ್ಪುವುದು. ಪೌಡರ್ ಹೆಚ್ಚಿಸಬೇಡಿ, ದಾರಿಯಲ್ಲಿ ಕೊಳೆ ಎಲ್ಲಿ ಸೇರುತ್ತಿದೆ ಎಂದು ಹುಡುಕಿ.

ಅದು ಹೆಚ್ಚಾಗಿ ಸಿಗುವುದು ಗುಂಡಿ ನಲ್ಲಿಯಲ್ಲಿ. ಎತ್ತರದ ಬೀದಿಗೆ ನೀರು ಏರುವುದಿಲ್ಲ, ಅಲ್ಲಿನವರು ಮನೆ ಮುಂದೆ ಎರಡು ಅಡಿ ಗುಂಡಿ ತೋಡಿ, ಪೈಪನ್ನು ಅದರೊಳಗೇ ಕತ್ತರಿಸಿ, ಬಿಂದಿಗೆ ಇಳಿಸಿ ಹಿಡಿಯುತ್ತಾರೆ. ನಲ್ಲಿಗೆ ತಿರುಪೂ ಇರುವುದಿಲ್ಲ. ಬಟ್ಟೆ ಪಾತ್ರೆ ತೊಳೆದ ನೀರು, ಮಳೆ ನೀರು, ಪಕ್ಕದ ಚರಂಡಿಯ ಒಸರು ಎಲ್ಲವೂ ಆ ಗುಂಡಿಯಲ್ಲಿ ನಿಲ್ಲುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪಿನ ನೀರು ತಗ್ಗಿನ ಮನೆಗಳತ್ತ ಇಳಿಯುತ್ತದೆ. ಖಾಲಿಯಾಗುವ ಪೈಪು ಗುಂಡಿಯಲ್ಲಿ ಮುಳುಗಿದ ಬಾಯಿಂದ ಆ ಕೊಚ್ಚೆಯನ್ನೇ ಹೀರಿಕೊಳ್ಳುತ್ತದೆ. ಪೈಪಿಗೇ ಮೋಟಾರ್ ಹಚ್ಚಿ ಎಳೆಯುವ ಮನೆಯಿದ್ದರೆ ಈ ಹೀರುವಿಕೆ ಇನ್ನೂ ಜೋರು. ಚರಂಡಿ ನೀರು ನಿಂತ ವಾಲ್ವ್ ಚೇಂಬರ್, ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಪೈಪು ಕೂಡ ಇದೇ ರೀತಿ ಕೆಲಸ ಮಾಡುತ್ತವೆ. ಕಾಯಿಲೆ ಬೀಳುವವರು ಗುಂಡಿಯವರಷ್ಟೇ ಅಲ್ಲ, ಮರುದಿನ ಮೊದಲ ಬಿಂದಿಗೆ ಹಿಡಿಯುವ ತಗ್ಗಿನವರೂ.

ನೀರು ಏರದೆ ತೋಡಿದ ಗುಂಡಿ ಮುಚ್ಚಿಸಲು ದಂಡ ಹಾಕಿ ಪ್ರಯೋಜನವಿಲ್ಲ. ಎತ್ತರದ ಬೀದಿಗೆ ಬೇರೆ ಹೊತ್ತಿನಲ್ಲಿ, ಬೇರೆ ವಾಲ್ವಿನಲ್ಲಿ ನೀರು ಬಿಟ್ಟು ಒತ್ತಡ ಕೊಟ್ಟರೆ ಗುಂಡಿಯ ಅಗತ್ಯವೇ ಇರುವುದಿಲ್ಲ. ಅಲ್ಲಿಯವರೆಗೆ ನೀರು ಬಿಟ್ಟ ಮೊದಲ ಐದು ನಿಮಿಷದ್ದನ್ನು ಗಿಡಕ್ಕೆ, ಬಚ್ಚಲಿಗೆ ಬಳಸಿ. ಪೈಪು ಒಡೆದು ರಿಪೇರಿಯಾದ ದಿನ ಪೈಪಿನ ತಗ್ಗಿನ ತುದಿಯ ವಾಶ್‌ಔಟ್ ವಾಲ್ವ್ ತೆರೆದು ಕೆಸರು ಹೊರಬಿಡದೆ ಮನೆಗಳಿಗೆ ನೀರು ಕೊಡಬಾರದು. ಅನುಮಾನವಿದ್ದರೆ ಪಂಚಾಯ್ತಿಯ ಕಿಟ್‌ನಲ್ಲಿರುವ, ರೋಗಾಣು ಪರೀಕ್ಷಿಸುವ ಬಾಟಲಿಗೆ ಗುರುತಿನವರೆಗೆ ನೀರು ತುಂಬಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಸೋಂಕಿದೆ ಎಂದೇ ತಿಳಿದು ಕುದಿಸಿ ಕುಡಿಯಿರಿ.

ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡಿಗೆ ಇದ್ಯಾವುದೂ ಮದ್ದಲ್ಲ. ಕ್ಲೋರಿನ್ ಅದನ್ನು ಮುಟ್ಟುವುದೇ ಇಲ್ಲ, ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಆರ್‌ಒದಂಥ, ಫ್ಲೋರೈಡನ್ನೇ ಸೋಸಿ ತೆಗೆಯುವ ಘಟಕ ಬೇಕು. ಆದರೆ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಕ್ಯಾನಿನೊಳಗೆ ಪಾಚಿ ಇದ್ದರೆ ಆ ನೀರು ಮನೆ ಸೇರುವಷ್ಟರಲ್ಲಿ ಕೆಟ್ಟಿರುತ್ತದೆ.

ಬೆಂಗಳೂರಿನಲ್ಲಿ ಕೊನೆ ಮನೆ ಎಂದರೆ ನಿಮ್ಮ ಸಂಪು. ಕಾವೇರಿ ನೀರು ಕ್ಲೋರಿನ್ ಹೊತ್ತೇ ಹೊರಟರೂ ಎರಡು ಮೂರು ದಿನ ಸಂಪಿನಲ್ಲಿ ನಿಂತರೆ, ಅದರ ಮೇಲೆ ಟ್ಯಾಂಕರ್ ನೀರು ಬಿದ್ದರೆ, ಆ ಕ್ಲೋರಿನ್ ಉಳಿಯುವುದಿಲ್ಲ. 6 ಸಾವಿರ ಲೀಟರಿನ ಸಂಪಿಗೆ 24 ಗ್ರಾಂ ಪೌಡರಿನ ತಿಳಿ ಸಾಕು. ಕಣ್ಣಂದಾಜು ಬೇಡ, ತೂಗಿ. ಸಂಪಿಗೂ ಒಳಚರಂಡಿ ಚೇಂಬರಿಗೂ ನಡುವೆ ಬಿರುಕು ಬಿಟ್ಟ ಗೋಡೆಯೊಂದೇ ಇದ್ದರೆ ಮೊದಲು ಅದನ್ನು ದುರಸ್ತಿ ಮಾಡಿಸಿ. ಮುಚ್ಚಳವನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಗಾಡಿ ತೊಳೆದ ನೀರು ಹರಿಯುವುದು ಅದರ ಪಕ್ಕದಲ್ಲೇ.